ಕಾಯಲಾರದವರ ಹೆಗಲ ಮೇಲಿನ ಸುಂಕ: ಕರ್ನಾಟಕದ ರೇಷ್ಮೆ ಮಾರುಕಟ್ಟೆಯಲ್ಲಿ ತೆರಿಗೆ, ನಿಯಂತ್ರಣ ಮತ್ತು ಸಹಾಯಧನ

2011ರ ಫೆಬ್ರವರಿ ಕೊನೆಯಲ್ಲಿ ಮಂಡನೆಯಾದ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಮೇಲಿನ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿತು. 2013ರ ಬಜೆಟ್ ಅದನ್ನು ಶೇ. 15ಕ್ಕೆ ಏರಿಸಿತು. ಆಮೇಲೆ ಶೇ. 10ಕ್ಕೆ ಇಳಿದಿದ್ದ ಸುಂಕ 2021ರ ಬಜೆಟ್‌ನಲ್ಲಿ ಮತ್ತೆ ಶೇ. 15 ಆಯಿತು. ಹಿಪ್ಪುನೇರಳೆ ತೋಟವನ್ನು ಒಮ್ಮೆ ನೆಟ್ಟರೆ ಹತ್ತು ಹನ್ನೆರಡು ವರ್ಷ ಸೊಪ್ಪು ಕೊಡುತ್ತದೆ. ಅಂದರೆ 2010ರಲ್ಲಿ ತೋಟ ಮಾಡಿದ ರೈತ ಅದೇ ಗಿಡಗಳ ಆಯುಸ್ಸಿನಲ್ಲಿ ಈ ಎಲ್ಲ ಏರಿಳಿತವನ್ನೂ ಕಂಡಿದ್ದಾನೆ.

ಸುಂಕ ಇಳಿದರೆ ರೈತನಿಗೆ ನಷ್ಟ, ನೇಕಾರನಿಗೆ ಲಾಭ. ಏರಿದರೆ ಅದರ ತಿರುಗುಮುರುಗು. ರೇಷ್ಮೆ ನೀತಿಯ ಚರ್ಚೆ ಸಾಮಾನ್ಯವಾಗಿ ಈ ಎರಡು ತುದಿಗಳ ನಡುವೆಯೇ ನಡೆಯುತ್ತದೆ. ಸರ್ಕಾರದ ಕ್ರಮದ ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಈ ಎಣಿಕೆ ಅರ್ಧ ಮಾತ್ರ ಹೇಳುತ್ತದೆ ಎಂಬುದು ಈ ಲೇಖನದ ವಾದ. ಸರಪಳಿಯಲ್ಲಿ ಯಾರಿಗೆ ಎಷ್ಟು ದಿನ ಕಾಯುವ ಶಕ್ತಿ ಇದೆ ಎಂಬುದೇ ಆ ಭಾರವನ್ನು ಹಂಚುತ್ತದೆ. ಕಾಯಲು ಆಗದವರಲ್ಲಿ ಮೊದಲಿಗರಾದ ನೂಲು ಬಿಚ್ಚಾಣಿಕೆದಾರರು, ಅಂದರೆ ರೀಲರ್‌ಗಳು, ನೀತಿಯ ಲೆಕ್ಕದಲ್ಲಿ ಕಾಣಿಸಿಕೊಳ್ಳುವುದು ತೀರ ಕಡಿಮೆ.

ಆಮದು ಸುಂಕದ ಮೇಲಿನ ಈ ಅವಲಂಬನೆ ಹಳೆಯದು. 1930ರ ದಶಕದ ಜಾಗತಿಕ ಕುಸಿತದ ಕಾಲದಲ್ಲಿ ಅಗ್ಗದ ವಿದೇಶಿ ರೇಷ್ಮೆಯಿಂದ ಮೈಸೂರು ಸಂಸ್ಥಾನದ ಬೆಳೆಗಾರರು ತತ್ತರಿಸಿದಾಗ ಸುಂಕ ಹಾಕುವ ಅಧಿಕಾರ ಸಂಸ್ಥಾನಕ್ಕಿರಲಿಲ್ಲ. ಭಾರತೀಯ ಸುಂಕ ಮಂಡಳಿಯ ವಿಚಾರಣೆಯ ನಂತರ, 1934ರಲ್ಲಿ ಬ್ರಿಟಿಷ್ ಇಂಡಿಯಾ ಸರ್ಕಾರವೇ ರಕ್ಷಣಾ ಸುಂಕ ವಿಧಿಸಬೇಕಾಯಿತು. ಗೂಡು ಬೆಳೆಯುವುದು ಇಲ್ಲಿ, ಸುಂಕ ನಿರ್ಧಾರವಾಗುವುದು ದೂರದಲ್ಲಿ ಎಂಬ ಸ್ಥಿತಿ ಸ್ವಾತಂತ್ರ್ಯಾನಂತರವೂ ಬದಲಾಗಲಿಲ್ಲ. ಆಮದಿನ ಪರಿಮಾಣ ನಿರ್ಬಂಧಗಳು 2001ರಲ್ಲಿ ತೆರವಾದ ಮೇಲೆ ಸುಂಕವೊಂದೇ ಮುಖ್ಯ ತಡೆಯಾಗಿ ಉಳಿಯಿತು. ಚೀನಾದ ರೇಷ್ಮೆಯ ಮೇಲೆ ಕೆಲವು ವರ್ಷ ಸುರಿವಳಿ-ವಿರೋಧಿ (ಆ್ಯಂಟಿ-ಡಂಪಿಂಗ್) ಸುಂಕವೂ ಇತ್ತು.

ಸುಂಕದ ಸುದ್ದಿ ಗೂಡಿನ ಬೆಲೆಯಾಗಿ ಮಾರ್ಪಡುವ ಬಗೆ ತಿಳಿಯಲು ರಾಮನಗರದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆಗೆ ಹೋಗಬೇಕು. ರೈತರು ತಂದ ಗೂಡು ಜಾಲರಿಗಳಲ್ಲಿ ಲಾಟು ಲಾಟಾಗಿ ಹರಡಿರುತ್ತದೆ. ರೀಲರ್ ಒಂದು ಹಿಡಿ ಗೂಡು ಎತ್ತಿ ಬೆರಳಿನಿಂದ ಅದುಮಿ ಗಟ್ಟಿಯಿದೆಯೇ ನೋಡುತ್ತಾನೆ, ಕಿವಿಯ ಹತ್ತಿರ ಅಲುಗಿಸಿ ಒಳಗಿನ ಕೋಶದ ಸದ್ದು ಕೇಳುತ್ತಾನೆ, ಕಲೆಯ ಗೂಡು, ಜೋಡಿ ಗೂಡು ಎಷ್ಟಿವೆ ಎಂದು ಕಣ್ಣಲ್ಲೇ ಅಳೆಯುತ್ತಾನೆ. ಕಿಲೋಗೆ ಎಷ್ಟು ನೂಲು ಬರಬಹುದು ಎಂಬ ಅಂದಾಜು ಅಷ್ಟರಲ್ಲಿ ಆಗಿಹೋಗುತ್ತದೆ. ಹರಾಜು ಈಗ ಮೊಬೈಲ್ ಮೂಲಕ ನಡೆಯುತ್ತಿದ್ದರೂ ಈ ಕೈಪರೀಕ್ಷೆಗೆ ಬದಲಿ ಬಂದಿಲ್ಲ. ಹುಳು ಗೂಡು ಕಟ್ಟಲು ತೊಡಗಿದ ಹತ್ತು ಹನ್ನೆರಡು ದಿನಗಳಲ್ಲಿ ಚಿಟ್ಟೆ ಹೊರಬಂದು ಎಳೆ ತುಂಡಾಗುತ್ತದೆ. ಹುಳು ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಯಿಂದ ಗೂಡು ಬಿಡಿಸುವ ಹೊತ್ತಿಗೆ ಅದರಲ್ಲಿ ಅರ್ಧ ಅವಧಿ ಕಳೆದಿರುತ್ತದೆ. ತೂಕವೂ ದಿನದಿನಕ್ಕೆ ಇಳಿಯುತ್ತದೆ. ಹೀಗಾಗಿ ಬೆಲೆ ಒಪ್ಪದೆ ನಿರಾಕರಿಸುವ ಹಕ್ಕು ರೈತನಿಗಿದ್ದರೂ ಅದು ಒಂದೆರಡು ದಿನದ ಹಕ್ಕು ಮಾತ್ರ.

ಗೂಡಿನ ವ್ಯಾಪಾರ ಸರ್ಕಾರಿ ಮಾರುಕಟ್ಟೆಯಲ್ಲೇ ನಡೆಯಬೇಕೆಂಬ ನಿಯಮ ಹುಟ್ಟಿದ್ದು ಈ ದೌರ್ಬಲ್ಯದ ಅರಿವಿನಿಂದ. ರೇಷ್ಮೆಹುಳು ಬಿತ್ತನೆ, ಗೂಡು ಮತ್ತು ನೂಲಿನ ಉತ್ಪಾದನೆ, ಪೂರೈಕೆ, ವಿತರಣೆ ಹಾಗೂ ಮಾರಾಟವನ್ನು ನಿಯಂತ್ರಿಸುವ 1959ರ ಕಾಯ್ದೆ ರೈತನನ್ನು ಮನೆಬಾಗಿಲ ದಲ್ಲಾಳಿಯಿಂದ ಬಿಡಿಸಿ, ಪರವಾನಗಿ ಪಡೆದ ಹಲವು ರೀಲರ್‌ಗಳು ಪೈಪೋಟಿ ನಡೆಸುವ ಕಡೆಗೆ ತಂದಿತು. ತೂಕದ ಮೋಸ, ಸಾಲಕ್ಕೆ ಗೂಡು ಒಯ್ಯುವ ಪದ್ಧತಿ ಇವೆರಡಕ್ಕೂ ಕಡಿವಾಣ ಬಿತ್ತು. ನನ್ನ ದೃಷ್ಟಿಯಲ್ಲಿ ರಾಜ್ಯದ ಕೃಷಿ ಮಾರುಕಟ್ಟೆ ಶಾಸನಗಳಲ್ಲಿ ಇದು ಅತ್ಯಂತ ಸಫಲವಾದವುಗಳಲ್ಲೊಂದು. ಹಿಪ್ಪುನೇರಳೆ ರೇಷ್ಮೆಯಲ್ಲಿ ಕರ್ನಾಟಕ ದೇಶಕ್ಕೇ ಮೊದಲ ಸ್ಥಾನದಲ್ಲಿ ಉಳಿದಿರುವುದಕ್ಕೆ ಹವೆ, ನೀರು, ತಳಿಗಳಷ್ಟೇ ಈ ಮಾರುಕಟ್ಟೆ ಜಾಲವೂ ಕಾರಣ. ಆದರೆ ಕಾಯ್ದೆ ಗೂಡಿನ ವ್ಯಾಪಾರವನ್ನು ಬಿಗಿಯಾಗಿ ಹಿಡಿದಷ್ಟು ನೂಲಿನ ವ್ಯಾಪಾರವನ್ನು ಹಿಡಿಯಲಿಲ್ಲ. ರೀಲರ್ ಗೂಡಿಗೆ ಕೂಡಲೇ ದುಡ್ಡು ಕಟ್ಟಬೇಕು. ನೂಲು ಮಾರುವಾಗ ವರ್ತಕರಿಗೆ ಹಲವು ಸಲ ಉದ್ದರಿ ಕೊಡಬೇಕು.

2011ರಂಥ ಸುಂಕ ಕಡಿತವನ್ನು ಈ ಚೌಕಟ್ಟಿನೊಳಗಿಟ್ಟು ನೋಡೋಣ. ಅಗ್ಗದ ನೂಲು ಬಂದರಿಗೆ ಬರುವುದಕ್ಕೆ ವಾರಗಳು ಬೇಕು. ಆದರೆ ಮುಂದೆ ಬೆಲೆ ಇಳಿಯುತ್ತದೆ ಎಂಬ ನಿರೀಕ್ಷೆಗೆ ಒಂದು ಸಂಜೆ ಸಾಕು. ವರ್ತಕ ಖರೀದಿ ನಿಲ್ಲಿಸುತ್ತಾನೆ. ಅವನಿಗೆ ಕಾಯುವ ಶಕ್ತಿ ಇದೆ. ನಿನ್ನೆಯ ಬೆಲೆಗೆ ಗೂಡು ಕೊಂಡು ಇವತ್ತು ನೂಲು ತೆಗೆದ ರೀಲರ್‌ಗೆ ಆ ಶಕ್ತಿ ಇಲ್ಲ. ಈ ನೂಲು ಮಾರಿದ ದುಡ್ಡಿನಲ್ಲೇ ನಾಳೆಯ ಗೂಡು ಕೊಳ್ಳಬೇಕು. ಆದ್ದರಿಂದ ಮೊದಲ ಪೆಟ್ಟು ಅವನಿಗೆ. ಮಾರನೆಯ ಹರಾಜಿನಲ್ಲಿ ಅವನು ಕೂಗುವ ಬೆಲೆ ಇಳಿದಾಗ ಎರಡನೆಯ ಪೆಟ್ಟು ರೈತನಿಗೆ. 2011ರಲ್ಲಿ ಗೂಡಿನ ಬೆಲೆ ಕುಸಿದು ರೈತರು ಬೀದಿಗಿಳಿದದ್ದು ಸಾರ್ವಜನಿಕ ನೆನಪಿನಲ್ಲಿದೆ. ಅದೇ ಹೊತ್ತಿನಲ್ಲಿ ಬಾಗಿಲು ಹಾಕಿದ ಚರಕ ಘಟಕಗಳ ಲೆಕ್ಕ ಇಟ್ಟವರು ಕಡಿಮೆ. ನೇಕಾರನಿಗೆ ಲಾಭ ಸಿಕ್ಕುವುದು ಕೊನೆಗೆ, ವರ್ತಕನ ಹಳೆಯ ದಾಸ್ತಾನು ಕರಗಿದ ನಂತರ. ಸುಂಕ ಏರಿದಾಗ ಇದೇ ಸಾಲು ಹಿಂದುಮುಂದಾಗಿ ನಡೆಯುವುದಿಲ್ಲ. ಆಗ ದಾಸ್ತಾನು ಇದ್ದವನಿಗೆ ಮೊದಲ ಲಾಭ, ಮತ್ತು ಸಣ್ಣ ರೀಲರ್ ಬಳಿ ದಾಸ್ತಾನು ಎಂಬುದೇ ಇರುವುದಿಲ್ಲ.

ಇನ್ನೊಂದು ತೊಡಕು ಸೀರೆಯ ಮಗ್ಗದಲ್ಲೇ ಇದೆ. ಮಗ್ಗದ ಹಾಸಿಗೆ, ಅಂದರೆ ಉದ್ದದ ಎಳೆಗಳಿಗೆ, ಒಂದೇ ದಪ್ಪದ, ಗಂಟಿಲ್ಲದ, ಬಲವಾದ ಎಳೆ ಬೇಕು. ವಿದ್ಯುತ್ ಮಗ್ಗಕ್ಕಂತೂ ಬೇಕೇ ಬೇಕು. ಚೀನಾದ ನೂಲು ಹೆಚ್ಚಾಗಿ ಬಳಕೆಯಾಗಿರುವುದು ಇಲ್ಲಿ. ನಮ್ಮ ಮಿಶ್ರತಳಿ ಗೂಡಿನಿಂದ ಚರಕದಲ್ಲಿ ತೆಗೆದ ನೂಲು ಬಹುಪಾಲು ಹೊಕ್ಕಿಗೆ, ಅಂದರೆ ಅಡ್ಡ ಎಳೆಗೆ, ಹೋಗುತ್ತದೆ. ಆದ್ದರಿಂದ ಈ ಎರಡು ನೂಲುಗಳು ಪೂರ್ತಿ ಪ್ರತಿಸ್ಪರ್ಧಿಗಳೆಂದು ಹೇಳಲಾಗದು. ಒಂದೇ ಸೀರೆಯಲ್ಲಿ ಅವು ಜೊತೆಗಾರರೂ ಹೌದು. ಹಾಸಿನ ನೂಲು ದುಬಾರಿಯಾಗಿ ಸೀರೆಯ ಬೆಲೆ ಏರಿದರೆ, ಕೊಳ್ಳುವವರು ಪಾಲಿಯೆಸ್ಟರ್ ಕಡೆ ತಿರುಗಿದರೆ, ಹೊಕ್ಕಿನ ನೂಲಿನ ಬೇಡಿಕೆಯೂ ಕುಗ್ಗುತ್ತದೆ. ಕಚ್ಚಾ ರೇಷ್ಮೆಗಷ್ಟೇ ಸುಂಕ ಏರಿಸಿ ಸಿದ್ಧ ಬಟ್ಟೆಯನ್ನು ಸಡಿಲ ಬಿಟ್ಟರೆ ನೂಲಿನ ಬದಲು ಬಟ್ಟೆಯೇ ಒಳಬರುತ್ತದೆ. ರೈತನ ಹೆಸರಿನಲ್ಲಿ ಹಾಕಿದ ಸುಂಕ ಒಂದು ಮಿತಿಯಾಚೆಗೆ ರೈತನಿಗೇ ತಿರುಗುವುದು ಹೀಗೆ.

ಈ ಗಂಟು ಬಿಡಿಸಬಲ್ಲದ್ದು ದ್ವಿತಳಿ (ಬೈವೋಲ್ಟೈನ್) ಗೂಡು. ಮಿಶ್ರತಳಿಯಲ್ಲಿ ಒಂದು ಕಿಲೋ ನೂಲಿಗೆ ಸರಿಸುಮಾರು ಎಂಟು ಕಿಲೋ ಗೂಡು ಬೇಕಾದರೆ ಉತ್ತಮ ದ್ವಿತಳಿಯಲ್ಲಿ ಆರರ ಆಸುಪಾಸು ಸಾಕು. ಆ ನೂಲು ಹಾಸಿಗೂ ಆಗುತ್ತದೆ. ಜಪಾನಿನ ನೆರವಿನಿಂದ 1990ರ ದಶಕದಲ್ಲಿ ಆರಂಭವಾದ ದ್ವಿತಳಿ ಯೋಜನೆ, ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ತಳಿಗಳು, ಹುಳುಮನೆ ಮತ್ತು ಹನಿ ನೀರಾವರಿಗೆ ಕೊಡುವ ಸಹಾಯಧನ, ದ್ವಿತಳಿ ಗೂಡಿಗೆ ಕಿಲೋ ಲೆಕ್ಕದ ಪ್ರೋತ್ಸಾಹಧನ, ಈಚಿನ ಸಿಲ್ಕ್ ಸಮಗ್ರ ಯೋಜನೆ ಇವೆಲ್ಲ ಆ ದಿಕ್ಕಿನವೇ. ಇವು ಫಲ ಕೊಟ್ಟಿವೆ; ಸುಂಕಕ್ಕಿಂತ ನಿಧಾನವಾಗಿ, ಆದರೆ ಹೆಚ್ಚು ಉಳಿಯುವ ಹಾಗೆ. ಆದರೂ ಇಲ್ಲಿಯೂ ಕಾಯುವವರಿಗೇ ಅನುಕೂಲ. ಸಹಾಯಧನ ಹೆಚ್ಚಾಗಿ ಕೆಲಸ ಮುಗಿದ ಮೇಲೆ ಕೈಸೇರುತ್ತದೆ. ಮೊದಲು ಹುಳುಮನೆ ಕಟ್ಟಿ ಬಿಲ್ಲು ಕೊಡಬಲ್ಲ ರೈತನಿಗೆ ಅದು ನೆರವು. ಗುತ್ತಿಗೆ ನೆಲದಲ್ಲಿ ಸೊಪ್ಪು ಬೆಳೆಯುವವನಿಗೆ ದೂರದ ಮಾತು. ಸ್ವಯಂಚಾಲಿತ ನೂಲು ಬಿಚ್ಚುವ ಯಂತ್ರ ದಿನಕ್ಕೆ ನೂರಾರು ಕಿಲೋ ದ್ವಿತಳಿ ಗೂಡು ಬೇಡುತ್ತದೆ. ನಾಲ್ಕಾರು ಚರಕದ ಮನೆ ಘಟಕ ಯಂತ್ರದ ಸಹಾಯಧನಕ್ಕೆ ಅರ್ಜಿ ಹಾಕುವ ಸ್ಥಿತಿಯಲ್ಲೇ ಇಲ್ಲ.

ಜಿಎಸ್‌ಟಿಯ ಕಥೆಯೂ ಇದಕ್ಕೆ ಸೇರುತ್ತದೆ. 2017ರಿಂದ ಗೂಡು ಮತ್ತು ಹುರಿ ಹಾಕದ ಕಚ್ಚಾ ರೇಷ್ಮೆಗೆ ತೆರಿಗೆ ವಿನಾಯಿತಿ ಸಿಕ್ಕಿತು. ಹುರಿ ನೂಲು ಮತ್ತು ಬಟ್ಟೆಗೆ ಶೇ. 5. ಮೇಲುನೋಟಕ್ಕೆ ಇದು ರೀಲರ್‌ಗೆ ಮಾಡಿದ ಉಪಕಾರ. ಆದರೆ ಮಾರುವ ಸರಕಿಗೆ ತೆರಿಗೆ ಇಲ್ಲದವರು ಕೊಂಡ ಸರಕಿನ ತೆರಿಗೆಯನ್ನು ಮರಳಿ ಪಡೆಯುವಂತಿಲ್ಲ. ಬಾಯ್ಲರ್, ಬೇಸಿನ್, ಬಿಡಿಭಾಗಗಳಿಗೆ ಕಟ್ಟಿದ ತೆರಿಗೆ ರೀಲರ್‌ನ ಖರ್ಚಿನಲ್ಲೇ ಉಳಿಯುತ್ತದೆ.

ಈ ಖರ್ಚಿನ ಒತ್ತಡ ಕೊನೆಗೆ ಇಳಿಯುವುದು ಕೂಲಿಯವರ ಮೇಲೆ. ರಾಮನಗರ, ಶಿಡ್ಲಘಟ್ಟಗಳ ಘಟಕಗಳಲ್ಲಿ ಹೆಂಗಸರು ಕುದಿಯುವ ನೀರಿನ ಬೇಸಿನ್ ಮುಂದೆ ಕೂತು, ಬರಿಗೈಯಲ್ಲಿ ಗೂಡು ತಡಕಿ ಎಳೆಯ ತುದಿ ಹಿಡಿಯುತ್ತಾರೆ. ಬೆರಳ ತುದಿಯ ಚರ್ಮ ಬೆಂದು ಬಿಳುಪಾಗಿರುತ್ತದೆ. ರೇಷ್ಮೆ ಕೆಲಸದಲ್ಲಿ ಜೀತಕ್ಕಿದ್ದ ಮಕ್ಕಳ ಸ್ಥಿತಿಯನ್ನು ಹ್ಯೂಮನ್ ರೈಟ್ಸ್ ವಾಚ್ 2003ರಲ್ಲೇ ವರದಿ ಮಾಡಿತ್ತು. ಕಾರ್ಮಿಕ ಕಾನೂನು ಕಾಗದದ ಮೇಲೆ ಬಹಳ ಹಿಂದಿನಿಂದ ಇತ್ತು. ಘಟಕದ ಲಾಭಾಂಶ ಒಂದು ಬಜೆಟ್ ಭಾಷಣಕ್ಕೆ ಕರಗಿಹೋಗುವಷ್ಟು ತೆಳುವಾಗಿರುವಲ್ಲಿ ಮಾಲೀಕ ಮೊದಲು ಉಳಿಸುವುದು ಕೂಲಿಯಲ್ಲಿ. ಆದ್ದರಿಂದ ಸುಂಕದ ಪ್ರಶ್ನೆಯನ್ನು ಕಾರ್ಮಿಕರ ಪ್ರಶ್ನೆಯಿಂದ ಬೇರೆ ಮಾಡಿ ನೋಡುವುದು ಸರಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಕಾಯುವ ಶಕ್ತಿಯನ್ನೇ ಒದಗಿಸುವ ಸಾಧನಗಳು ನಮ್ಮಲ್ಲಿ ಇಲ್ಲದಿಲ್ಲ. 1979ರಲ್ಲಿ ಸ್ಥಾಪನೆಯಾದ ಕರ್ನಾಟಕ ರೇಷ್ಮೆ ಮಾರಾಟ ಮಂಡಳಿಯ ಉದ್ದೇಶವೇ ಬೆಲೆ ಬಿದ್ದಾಗ ನೂಲು ಕೊಂಡು ಮಾರುಕಟ್ಟೆಗೆ ಆಸರೆಯಾಗುವುದು. ಅದಕ್ಕೆ ಸಾಕಷ್ಟು ಬಂಡವಾಳ ಕೊಟ್ಟು, ನೂಲಿನ ಅಡಮಾನದ ಮೇಲೆ ಅಂದೇ ಸಾಲ ಸಿಗುವಂತೆ ಮಾಡಿದರೆ ರೀಲರ್‌ಗೆ ಒಂದೆರಡು ವಾರದ ಉಸಿರು ಸಿಗುತ್ತದೆ. ಆ ಉಸಿರು ಮರುದಿನದ ಹರಾಜಿನಲ್ಲಿ ರೈತನಿಗೂ ತಲುಪುತ್ತದೆ. ಸುಂಕದ ಬದಲಾವಣೆಯನ್ನು ಹಂತಹಂತವಾಗಿ, ಮೊದಲೇ ತಿಳಿಸಿ ಜಾರಿಗೆ ತರಲು ಕೇಂದ್ರಕ್ಕೆ ಯಾವ ಅಡ್ಡಿಯೂ ಇಲ್ಲ.

ಇ-ಹರಾಜು ಬಂದ ಮೇಲೆ ಪ್ರತಿ ಲಾಟಿನ ತೂಕ, ಕೂಗಿದ ಬೆಲೆ, ನಿರಾಕರಣೆ ಎಲ್ಲವೂ ದಿನಾಂಕ ಸಮೇತ ದಾಖಲಾಗುತ್ತಿವೆ. ಈ ದಾಖಲೆಯನ್ನು ಹೆಸರು ಮರೆಮಾಚಿ ಸಂಶೋಧಕರಿಗೆ ತೆರೆದಿಟ್ಟರೆ, 2021ರ ಬಜೆಟ್ ದಿನದ ಹಿಂದಿನ ಮತ್ತು ಮುಂದಿನ ಹರಾಜುಗಳನ್ನು ಲಾಟು ಲಾಟಾಗಿ ಹೋಲಿಸಿ, ಇಲ್ಲಿ ತರ್ಕದಿಂದ ಕಟ್ಟಿದ ಸಾಲು ಎಷ್ಟರಮಟ್ಟಿಗೆ ನಿಜ, ಎಲ್ಲಿ ತಪ್ಪುತ್ತದೆ ಎಂದು ಅಳೆಯಬಹುದು. ನೂಲಿನ ವ್ಯಾಪಾರಕ್ಕೂ ಅಂಥದ್ದೇ ದಾಖಲೆ ಬೇಕು.