ಹಾಲಾಡಿಯ ತೇವದ ಆಕಾಶದಲ್ಲಿ ಅವಕೆಂಪು ಜಾಡು: ಕಾಲ್ಮನ್ ಫಿಲ್ಟರಿನ ಅಳತೆದೋಷ ಕುರಿತು

ವಿಮಾನವನ್ನು ಅದರ ಬಿಸಿಯಿಂದಲೇ ಗುರುತಿಸುವ ಅವಕೆಂಪು ಸಂವೇದಕ ತಾನು ಯಾವ ಅಲೆಯನ್ನೂ ಹೊರಸೂಸದು; ಎದುರಾಳಿಗೆ ಸುಳಿವೂ ಸಿಗದು. ಆದರೆ ಅದು ಕೊಡುವುದು ದಿಕ್ಕಿನ ಎರಡು ಕೋನಗಳನ್ನು ಮಾತ್ರ, ದೂರವನ್ನಲ್ಲ. ರಾಡಾರ್ ದೂರವನ್ನು ಚೆನ್ನಾಗಿ ಅಳೆಯುತ್ತದೆ, ಕೋನದಲ್ಲಿ ಒರಟು. ಎರಡನ್ನೂ, ನಿರೀಕ್ಷೆಯನ್ನೂ ಅಳತೆಯನ್ನೂ ತೂಗಿ ಅಂದಾಜನ್ನು ತಿದ್ದುತ್ತ ಹೋಗುವ ವಿಸ್ತರಿತ ಕಾಲ್ಮನ್ ಫಿಲ್ಟರಿನಲ್ಲಿ ಬೆಸೆದು ಮೂರು ಆಯಾಮಗಳಲ್ಲಿ ಗುರಿಯ ಜಾಡು ಹಿಡಿಯುವ ಬಗೆಯನ್ನು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ವಿ.ಪಿ.ಎಸ್. ನಾಯ್ಡು 2009ರಲ್ಲಿ ಡಿಫೆನ್ಸ್ ಸೈನ್ಸ್ ಜರ್ನಲ್‌ನಲ್ಲಿ ಚರ್ಚಿಸಿದ್ದಾರೆ. ಇಲ್ಲಿನ ಪ್ರಶ್ನೆ ಕಿರಿದು: ಅಂಥ ಫಿಲ್ಟರನ್ನು ಹಾಲಾಡಿಗೆ ತಂದರೆ ಅದು ನಂಬಿಕೊಂಡ ಯಾವ ಅಂಕಿ ಮೊದಲು ಸುಳ್ಳಾಗುತ್ತದೆ?

ಕೋನದೋಷ ಅವಕೆಂಪಿನದು 1 ಮಿಲಿರೇಡಿಯನ್, ರಾಡಾರಿನದು 10 ಎಂದಿಟ್ಟುಕೊಳ್ಳೋಣ. 20 ಕಿ.ಮೀ. ದೂರದಲ್ಲಿ ಅಡ್ಡಳತೆಯ ತಪ್ಪು ಕ್ರಮವಾಗಿ 20 ಮತ್ತು 200 ಮೀಟರ್. ಫಿಲ್ಟರ್ ತೂಕ ಹಂಚುವುದು ದೋಷದ ವರ್ಗಕ್ಕೆ ವಿಲೋಮವಾಗಿ. ಆದ್ದರಿಂದ ಕೋನದ ಮಟ್ಟಿಗೆ ಅವಕೆಂಪಿಗೆ ನೂರುಪಟ್ಟು ತೂಕ. ಈ ನೂರು ಮೊದಲೇ ಬರೆದಿಟ್ಟ ದೋಷದ ಅಂಕಿಯಿಂದ ಬಂದದ್ದು, ಆಕಾಶವನ್ನು ಕೇಳಿ ಬಂದದ್ದಲ್ಲ.

ಹಾಲಾಡಿ ಇರುವುದು ಘಟ್ಟಕ್ಕೂ ಕಡಲಿಗೂ ನಡುವೆ, ವಾರಾಹಿ ನದಿಯ ದಂಡೆಯಲ್ಲಿ; ಗಾಳಿಯಲ್ಲಿ ತೇವ ಹೆಚ್ಚು. ಸುಮಾರು 300 ಕೆಲ್ವಿನ್‌ನ ವಿಮಾನದ ಹೊರಮೈ ಅತಿ ಹೆಚ್ಚು ಬೆಳಗುವುದು 9.7 ಮೈಕ್ರಾನ್ ಆಸುಪಾಸಿನಲ್ಲಿ. 700 ಕೆಲ್ವಿನ್‌ನ ಎಂಜಿನ್ ಭಾಗ 4.1ರಲ್ಲಿ. ನೀರಾವಿ ಹೆಚ್ಚಿದಷ್ಟೂ, ಗಾಳಿಯೊಳಗೆ ಅವಕೆಂಪು ಹಾಯುವ 8–12 ಮೈಕ್ರಾನ್‌ನ ಕಿಂಡಿ ಮಂಕಾಗುತ್ತದೆ. 3–5ರ ಕಿಂಡಿ ತುಸು ತಾಳಿಕೊಳ್ಳುತ್ತದೆ. ಆಸಾಡಿಯ (ಆಷಾಢದ) ಜಡಿಮಳೆಗೆ ಮಾತ್ರ ಎರಡೂ ಸೋಲುತ್ತವೆ.

ಕಿಲೋಮೀಟರಿಗೆ 0.9 ಪಾಲು ಬೆಳಕು ದಾಟಿದರೆ 10 ಕಿ.ಮೀ.ಗೆ 0.35 ಉಳಿಯುತ್ತದೆ, 0.8 ದಾಟಿದರೆ ಉಳಿಯುವುದು 0.11. ಬಿಂಬದ ಕೇಂದ್ರವನ್ನು ಗುರುತಿಸುವಲ್ಲಿನ ದೋಷ ಸಂಕೇತದ ಬಲಕ್ಕೆ ಹೆಚ್ಚುಕಡಿಮೆ ವಿಲೋಮವಾದ್ದರಿಂದ ಅದು ಮೂರುಪಟ್ಟು ಮೀರುತ್ತದೆ, ದೋಷದ ವರ್ಗ ಹತ್ತುಪಟ್ಟು. ನೂರರ ತೂಕ ಹತ್ತಕ್ಕಿಳಿಯಬೇಕಿತ್ತು. ಸ್ಥಿರಾಂಕ ನೆಚ್ಚಿದ ಫಿಲ್ಟರಿಗೆ ಇದು ಗೊತ್ತೇ ಆಗದು.

ಸುಳಿವೊಂದಿದೆ. ನಿರೀಕ್ಷಿತ ಕೋನಗಳಿಗೂ ಅಳೆದವಕ್ಕೂ ಇರುವ ವ್ಯತ್ಯಾಸದ ವರ್ಗವನ್ನು ಫಿಲ್ಟರ್ ತಾನೇ ಹೇಳಿಕೊಂಡ ಅನಿಶ್ಚಿತತೆಯ ವರ್ಗದಿಂದ ಭಾಗಿಸಿ ಕೂಡಿದರೆ, ಎರಡು ಕೋನಗಳಿಗೆ ಸರಾಸರಿ 2 ಬರಬೇಕು. ಅದಕ್ಕಿಂತ ಬಹಳ ಮೇಲಿದ್ದರೆ ಫಿಲ್ಟರಿಗೆ ಅತಿವಿಶ್ವಾಸ. ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ 1945ರಲ್ಲಿ ತೋರಿಸಿದ ಕನಿಷ್ಠ ದೋಷದ ಮಿತಿಯನ್ನು ಇಂಥ ಅಂದಾಜುಗಳಿಗೆ ಅಳತೆಗೋಲಾಗಿ ಹಿಡಿಯುವುದುಂಟು. ಆದರೆ ಆ ಮಿತಿಯ ಲೆಕ್ಕದೊಳಗೂ ಅದೇ ದೋಷದ ಅಂಕಿ ಕೂತಿರುವುದರಿಂದ ಕೋಲೂ ಸುಳ್ಳು ಹೇಳೀತು.

ತೊಡಕು ಬೇರೆಡೆ ಇದೆ. ಗುರಿ ಹಠಾತ್ತನೆ ತಿರುಗಿದರೂ ಆ ಸರಾಸರಿ 2ನ್ನು ಮೀರುತ್ತದೆ. ತಿರುವಿನಲ್ಲಿ ಬಿಸಿ ನಳಿಕೆ ಮರೆಯಾಗಿ ಹೊಳಪೂ ಕುಗ್ಗೀತು. ಹಾಗಾಗಿ ಮಳೆಯೋ ತಿರುವೋ ಎಂದು ಗುರಿಯ ಬಿಂಬವೊಂದನ್ನೇ ನೋಡಿ ನಿರ್ಣಯಿಸುವುದು ನನ್ನ ದೃಷ್ಟಿಯಲ್ಲಿ ಸಲ್ಲದು. ತಿಳಿದ ದೂರದಲ್ಲಿ, ಘಟ್ಟದ ಇಳಿಜಾರಿನಲ್ಲಿ, ತಿಳಿದ ಉಷ್ಣತೆಯ ಸ್ಥಿರ ಮೂಲವೊಂದನ್ನು ಇಟ್ಟು ಅದರ ಹೊಳಪಿನಿಂದ ಗಾಳಿಯ ಪಾರದರ್ಶಕತೆಯನ್ನು ಆಗಾಗ ಅಳೆದು, ದೋಷದ ಅಂಕಿಯನ್ನು ತಿದ್ದುತ್ತಿರಬಹುದು. ಮೇಲೇರಿದಂತೆ ನೀರಾವಿ ವಿರಳವಾಗುವುದರಿಂದ, ನೆಲದ ಹತ್ತಿರದ ಈ ಅಳತೆ ಎತ್ತರದ ಗುರಿಗೆ ಇರಬೇಕಾದ್ದಕ್ಕಿಂತ ಹೆಚ್ಚು ದೋಷ ತೋರಿಸುತ್ತದೆ. ನೋಟದ ಏರುಕೋನಕ್ಕೆ ತಕ್ಕ ತಿದ್ದುಪಡಿಯನ್ನು ಪ್ರತ್ಯೇಕವಾಗಿ ಸೇರಿಸಬೇಕಾಗುತ್ತದೆ.