ಸೆರೆಮನೆ ಕಂಡ ರಾಗಿ

‘ತೂಕ ಇಳ್ಸೋಕೆ ಮುದ್ದೆ ಬಿಡ್ಲಾ ಅಕ್ಕ?’ ಅಂತ ನನ್ ಹತ್ರ ವ್ಯಾಯಾಮಕ್ಕೆ ಬರೋರು ಕೇಳ್ತಾರೆ. ಬಿಡ್ಬೇಡಿ ಕಣ್ರವ್ವ, ಗಾತ್ರ ನೋಡ್ಕಳಿ ಸಾಕು.

ರಾಗಿನ ಕೀಳಾಗಿ ನೋಡೋದು ಇವತ್ತಿಂದಲ್ಲ. 16ನೇ ಶತಮಾನದ ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲೇ ಭತ್ತ ಅದನ್ನ ಹೀನ ಕುಲ ಅಂತ ಜರಿಯುತ್ತೆ. ಉಳ್ಳೋರ ಕಡೆಯೇ ನೋಡೋ ನೀನು ಬಡವರಿಗಾದ್ಯಾ ಅಂತ ರಾಗಿ ತಿರುಗಿಬೀಳುತ್ತೆ. ರಾಮ ಎರಡನ್ನೂ ಆರು ತಿಂಗಳು ಸೆರೆಗೆ ಹಾಕಿಸ್ದ. ಭತ್ತ ಸೊರಗ್ತು, ರಾಗಿ ಗಟ್ಟಿಯಾಗೇ ಈಚೆ ಬಂತು.

1979ರಲ್ಲಿ ಗೊರೂರು ಅಣೆಕಟ್ಟು ಮುಗುದ್ಮೇಲೆ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆ ನಾಲೆ ನೀರು ಹರೀತು, ಗದ್ದೆ ಹೆಚ್ಚಿದ್ವು. ನೆಂಟರಿಗೆ ಅನ್ನ, ಹೆಂಗಸರ ಪಾಲಿಗೆ ತಂಗಳು ಮುದ್ದೆ! ನೂರು ಗ್ರಾಂ ರಾಗೀಲಿ 300 ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಇದೆ. ಅಕ್ಕೀಲಿ ಅದ್ರ ಹತ್ತನೇ ಒಂದು ಪಾಲೂ ಇಲ್ಲ.

ಬೀಗರು ಬಂದ್ರೂ ನಮ್ಮನೇಲಿ ಮೊದ್ಲು ಮುದ್ದೆ, ಉಪ್ಸಾರು. ಅನ್ನ ಆಮೇಲೆ.