ಲಿಂಗತ್ವ ಅಲ್ಪಸಂಖ್ಯಾತರು: ವೇದಿಕೆಯ ಮಾತು, ಕಚೇರಿಯ ಕಿಟಕಿ

ಹುಟ್ಟಿದಾಗ ಬರೆಸಿದ ಗಂಡು ಅಥವಾ ಹೆಣ್ಣು ಎಂಬ ಗುರುತು ತಮ್ಮದಲ್ಲ ಎಂದು ಅರಿತು ಬದುಕುವವರನ್ನು ಕರ್ನಾಟಕ ಸರ್ಕಾರದ ಆದೇಶಗಳು ಲಿಂಗತ್ವ ಅಲ್ಪಸಂಖ್ಯಾತರು ಎಂದು ಕರೆಯುತ್ತವೆ. ಇವರ ಹಕ್ಕುಗಳ ಬಗ್ಗೆ ರಾಜ್ಯದ ರಾಜಕಾರಣ ಆಡಿದ ಮಾತು ಯಾವುದು, ಆಡಿದ್ದು ಪಂಚಾಯಿತಿ, ನಾಡಕಚೇರಿ, ಬಸ್ಸಿನ ಬಾಗಿಲ ತನಕ ಹೇಗೆ ಬಂದು ಮುಟ್ಟಿತು ಎಂಬುದು ಈ ಲೇಖನದ ವಸ್ತು. ಕಚೇರಿ ಅಲೆದಾಟದ ಲೆಕ್ಕ ಬಂದಲ್ಲಿ ವಿಜಯಪುರ ಜಿಲ್ಲೆಯ ಬಬಲೇಶ್ವರ ತಾಲ್ಲೂಕಿನ ಸಾರವಾಡವನ್ನು ಅಳತೆಗೋಲಾಗಿ ಇಟ್ಟುಕೊಂಡಿದೆ. ರಾಜಧಾನಿಯಲ್ಲಿ ಹೊರಟ ಆದೇಶ ಎಷ್ಟು ದೂರ ನಡೆಯಬೇಕು ಎಂಬುದು ಇಂಥ ಊರಿನಿಂದ ನೋಡಿದರೆ ಚೆನ್ನಾಗಿ ಕಾಣುತ್ತದೆ.

ಹೆಸರುಗಳು

ಸರ್ಕಾರಿ ಪದ ಹೊಸದು, ಜನ ಹಳಬರು. ಉತ್ತರ ಕರ್ನಾಟಕದಲ್ಲಿ ಜೋಗಪ್ಪ, ಜೋಗತಿ ಎಂಬ ಹೆಸರುಗಳು ಸವದತ್ತಿ ಎಲ್ಲಮ್ಮನ ಭಕ್ತಿಯೊಂದಿಗೆ ಬೆಸೆದುಕೊಂಡಿವೆ. ಗಂಡಾಗಿ ಹುಟ್ಟಿ, ದೇವಿ ಮೈಮೇಲೆ ಬಂದಳೆಂದು ಮುತ್ತು ಕಟ್ಟಿಸಿಕೊಂಡು, ಸೀರೆ ಉಟ್ಟು, ಕೊಡ ಹೊತ್ತು, ಚೌಡಿಕೆಯ ಹಾಡಿಗೆ ಕುಣಿಯುವವರು ಜೋಗಪ್ಪಂದಿರು. ಗುರು–ಚೇಲಾ ಸಂಬಂಧದ ಮೇಲೆ ನಿಂತ ಹಿಜ್ರಾ ಜಮಾತಿನ ವ್ಯವಸ್ಥೆ ಬೇರೆ, ಇದು ಬೇರೆ. ಮಂಗಳಮುಖಿ ಎಂಬುದು ಈಚಿನ ದಶಕಗಳಲ್ಲಿ ಪತ್ರಿಕೆಗಳು ರೂಢಿಗೆ ತಂದ ಗೌರವದ ಪದ. ತೃತೀಯ ಲಿಂಗಿ ಎಂಬುದನ್ನು, ಮೊದಲನೆಯವರು ಯಾರು ಎರಡನೆಯವರು ಯಾರು ಎಂದು ಕೇಳಿ ಒಪ್ಪದವರೂ ಇದ್ದಾರೆ. ಇನ್ನು ಬೈಗುಳಗಳ ಪಟ್ಟಿ ಉದ್ದವಿದೆ. ಅದನ್ನು ಇಲ್ಲಿ ಕೊಡಬೇಕಾಗಿಲ್ಲ, ಓದುಗರಿಗೆ ಗೊತ್ತು.

ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ರಾಜ್ಯದ 1982ರ ಕಾಯ್ದೆ ಹೆಣ್ಣುಮಕ್ಕಳನ್ನು ಕುರಿತದ್ದು. ಆದರೂ ಮುತ್ತು ಕಟ್ಟುವ ಆಚರಣೆಯೇ ಪೊಲೀಸರ ಕಣ್ಣಿಗೆ ಬಿದ್ದ ಮೇಲೆ ಅದರ ನೆರಳು ಜೋಗಪ್ಪಂದಿರ ಮೇಲೂ ಬಿತ್ತು. ಇದೇ ಪರಂಪರೆಯಿಂದ ಬಂದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಪ್ರಶಸ್ತಿ ಸ್ವೀಕರಿಸುವ ಮುನ್ನ ಅವರು ಸೆರಗು ಹಿಡಿದು ರಾಷ್ಟ್ರಪತಿಗಳ ದೃಷ್ಟಿ ತೆಗೆದ ದೃಶ್ಯವನ್ನು ದೇಶವೆಲ್ಲ ನೋಡಿತು. ಮನೆ ಬಾಗಿಲಲ್ಲಿ ಕಾಸು ಕೊಟ್ಟು ಪಡೆಯುತ್ತಿದ್ದ ಆಶೀರ್ವಾದ ರಾಷ್ಟ್ರಪತಿ ಭವನದಲ್ಲಿ ಬಿಟ್ಟಿ ಸಿಕ್ಕಿತು. ಲಿಂಗತ್ವ ಅಲ್ಪಸಂಖ್ಯಾತರ ಪರವಾಗಿ ಈ ಒಂದು ಗಳಿಗೆ ಆಡಿದಷ್ಟು ಮಾತನ್ನು ಕರ್ನಾಟಕದ ಯಾವ ಚುನಾವಣಾ ಭಾಷಣವೂ ಆಡಿದಂತಿಲ್ಲ. ಮಂಜಮ್ಮನವರ ಆತ್ಮಕಥನದ ಹೆಸರು ‘ನಡುವೆ ಸುಳಿವ ಹೆಣ್ಣು’. ಜೇಡರ ದಾಸಿಮಯ್ಯನ ವಚನ ಬಲ್ಲವರಿಗೆ ಅದರ ಎಳೆ ಎಲ್ಲಿಂದ ಬಂತೆಂದು ಬಿಡಿಸಿ ಹೇಳಬೇಕಿಲ್ಲ.

ಬಳೆಯ ಭಾಷೆ

ರಸ್ತೆ ಕಿತ್ತುಹೋಯಿತು, ನಲ್ಲಿಗೆ ನೀರು ಬರಲಿಲ್ಲ, ವಿದ್ಯುತ್ ಪರಿವರ್ತಕ ಸುಟ್ಟು ವಾರವಾಯಿತು ಎಂದು ಜನ ಕಚೇರಿಗೆ ಮುತ್ತಿಗೆ ಹಾಕಿದಾಗ ಅಧಿಕಾರಿಯ ಮೇಜಿನ ಮೇಲೆ ಸೀರೆ, ಕುಪ್ಪಸ, ಬಳೆ ಇಡುವುದು ಕರ್ನಾಟಕದ ಪ್ರತಿಭಟನೆಯ ಹಳೆಯ ಪದ್ಧತಿ. ಗಂಡಸಾಗಿದ್ದರೆ ಕೆಲಸ ಮಾಡುತ್ತಿದ್ದೆ ಎಂಬುದು ಅದರ ಅರ್ಥ. ವೇದಿಕೆಯ ಮೇಲೂ ಇದೇ ಧಾಟಿ: ಎದುರಾಳಿಯನ್ನು ನಪುಂಸಕ ಎನ್ನುವುದು, ಗಂಡಸ್ತನದ ಸವಾಲು ಹಾಕುವುದು ಒಂದು ಪಕ್ಷದ ಸ್ವತ್ತಲ್ಲ. ಲಿಂಗತ್ವ ಅಲ್ಪಸಂಖ್ಯಾತರು ರಾಜಕೀಯ ಭಾಷೆಗೆ ಮೊದಲು ಪ್ರವೇಶ ಪಡೆದದ್ದು ಹೀಗೆ, ಬೈಗುಳವಾಗಿ. ಹಕ್ಕಿನ ಮಾತು ಬಂದದ್ದು ಬಹಳ ತಡವಾಗಿ. ಚರಂಡಿಯ ಸಿಟ್ಟನ್ನು ಬಳೆಯಲ್ಲಿ ತೋಡಿಕೊಳ್ಳುವ ಜನ, ಅದೇ ಬಳೆ ತೊಟ್ಟು ಅದೇ ಚರಂಡಿಯ ಪಕ್ಕ ಬದುಕುವವರನ್ನು ನೆನೆಯುವುದಿಲ್ಲ.

ಉತ್ತರ ಭಾರತದಲ್ಲಿ ಇದೇ ಸಿಟ್ಟು ಒಮ್ಮೆ ತಿರುವುಮುರುವಾಯಿತು. 2000ದ ಆಸುಪಾಸಿನಲ್ಲಿ ಮಧ್ಯಪ್ರದೇಶದ ಸೋಹಾಗಪುರದಿಂದ ಶಬನಮ್ ಮೌಸಿ ಶಾಸಕಿಯಾದರು. ಅದೇ ಹೊತ್ತಿನಲ್ಲಿ ಕಟನಿಯಲ್ಲಿ ಕಮಲಾ ಜಾನ್, ಗೋರಖಪುರದಲ್ಲಿ ಆಶಾದೇವಿ ಮೇಯರ್ ಗದ್ದುಗೆ ಏರಿದರು. 2015ರಲ್ಲಿ ಛತ್ತೀಸಗಡದ ರಾಯಗಡದಲ್ಲಿ ಪಕ್ಷೇತರರಾಗಿ ನಿಂತ ಮಧು ಕಿನ್ನರ್ ಮೇಯರ್ ಆದರು. ಮಕ್ಕಳುಮರಿಯಿಲ್ಲದವರು ಯಾರಿಗಾಗಿ ಗಂಟು ಕಟ್ಟಿಯಾರು ಎಂಬ ವಾದ ಇಂಥ ಪ್ರಚಾರಗಳಲ್ಲಿ ಕೆಲಸ ಮಾಡಿತು. ಮತದಾರರು ಲಿಂಗತ್ವದ ಹಕ್ಕಿಗೆ ಮತ ಹಾಕಲಿಲ್ಲ, ಕೆಟ್ಟ ರಸ್ತೆಗೆ ಕಾರಣರಾದವರ ಮುಖಕ್ಕೆ ಹೊಡೆದಂತೆ ಹಾಕಿದರು. ಕಮಲಾ ಜಾನ್ ಅವರ ಆಯ್ಕೆಯನ್ನು ನ್ಯಾಯಾಲಯ ರದ್ದುಮಾಡಿತು: ಸ್ಥಾನ ಮಹಿಳೆಯರಿಗೆ ಮೀಸಲಾಗಿತ್ತು, ಕಾನೂನಿನ ಕಣ್ಣಿಗೆ ಅವರು ಮಹಿಳೆಯಾಗಿರಲಿಲ್ಲ. 2006ರಲ್ಲಿ ಪಟ್ನಾ ಮಹಾನಗರ ಪಾಲಿಕೆ ತೆರಿಗೆ ಬಾಕಿದಾರರ ಅಂಗಡಿಗಳ ಮುಂದೆ ಹಿಜ್ರಾಗಳನ್ನು ನಿಲ್ಲಿಸಿ ಹಾಡಲು, ಡೋಲಕ್ ಬಾರಿಸಲು ಹಚ್ಚಿತು. ವಸೂಲಿಯೂ ಆಯಿತು. ಅವಮಾನವೇ ಅಲ್ಲಿ ಆಡಳಿತದ ಉಪಕರಣ.

ಅಮೆರಿಕದಲ್ಲಿ ಮಾತು ಇನ್ನೊಂದು ದಾರಿ ಹಿಡಿಯಿತು. 2024ರ ಅಧ್ಯಕ್ಷೀಯ ಚುನಾವಣೆಯಲ್ಲಿ ಟ್ರಂಪ್ ಪಾಳಯದ ಜಾಹೀರಾತುಗಳು, ಎದುರಾಳಿ ಕಮಲಾ ಹ್ಯಾರಿಸ್ ಟ್ರಾನ್ಸ್‌ಜೆಂಡರ್ ಜನರ ಪರ, ತಾವು ನಿಮ್ಮ ಪರ ಎಂದು ಗೆರೆ ಎಳೆದವು. ದಿನಸಿಯ ಬೆಲೆ, ಬಾಡಿಗೆ, ದಿನನಿತ್ಯದ ಬೇಸರಗಳಿಗೆಲ್ಲ ಅತಿ ಸಣ್ಣ ಸಮುದಾಯವೊಂದು ಎದುರುಪಕ್ಷವಾಗಿ ನಿಂತಿತು. ಕರ್ನಾಟಕದ ಪ್ರಚಾರದಲ್ಲಿ ಈ ಗೆರೆ ಇನ್ನೂ ಅಷ್ಟು ಗಟ್ಟಿಯಾಗಿ ಬಿದ್ದಿಲ್ಲ. ಇಲ್ಲಿ ಲಿಂಗತ್ವ ಅಲ್ಪಸಂಖ್ಯಾತರನ್ನು ದೂರುವವರಿಗಿಂತ ಮರೆಯುವವರೇ ಹೆಚ್ಚು.

ಕಾನೂನು

ಬ್ರಿಟಿಷರ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಲ್ಲಿ ಇವರ ಹೆಸರು ಬರೆದಿಡಲು ಒಂದು ಪ್ರತ್ಯೇಕ ಭಾಗವಿತ್ತು. ನಿಜಾಮರ ಹೈದರಾಬಾದ್ 1919ರಲ್ಲಿ ಅಂಥದೇ ಕಾಯ್ದೆ ತಂದಿತು. ತೆಲಂಗಾಣ ಹೈಕೋರ್ಟ್ ಅದನ್ನು ಅಸಿಂಧುಗೊಳಿಸಿದ್ದು 2023ರಲ್ಲಿ. ವಿಚಿತ್ರವೆಂದರೆ ಕರ್ನಾಟಕ 2011ರಲ್ಲಿ, ವಸಾಹತು ಕಾಲ ಮುಗಿದು ಆರು ದಶಕ ಕಳೆದ ಮೇಲೆ, ತನ್ನ ಪೊಲೀಸ್ ಕಾಯ್ದೆಗೆ 36ಎ ಕಲಮು ಸೇರಿಸಿ, ಸಂಶಯಕ್ಕೆ ಒಳಗಾದ ‘ನಪುಂಸಕ’ರ ಹೆಸರು, ವಿಳಾಸಗಳ ದಾಖಲೆ ಇಡುವ ಅಧಿಕಾರ ಕೊಟ್ಟಿತು. ಸಮುದಾಯದ ಸಂಘಟನೆ ಹೈಕೋರ್ಟ್ ಮೆಟ್ಟಿಲೇರಿದ ಮೇಲೆ, 2016ರ ತಿದ್ದುಪಡಿಯಲ್ಲಿ ಆ ಪದ ಹೋಗಿ ‘ವ್ಯಕ್ತಿಗಳು’ ಎಂದಾಯಿತು.

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ (ನಾಲ್ಸಾ) ಪ್ರಕರಣದಲ್ಲಿ, ತನ್ನ ಲಿಂಗತ್ವ ಯಾವುದೆಂದು ಹೇಳುವ ಹಕ್ಕು ಆ ವ್ಯಕ್ತಿಯದೇ ಎಂದಿತು. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಸಿಗ್ನಲ್ಲುಗಳಲ್ಲಿ, ಬೀದಿಗಳಲ್ಲಿ ಸಿಕ್ಕ ನೂರೈವತ್ತಕ್ಕೂ ಹೆಚ್ಚು ಮಂದಿಯನ್ನು ಪೊಲೀಸರು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ತುಂಬಿದರು. ಆಧಾರ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ. ಸಿಗ್ನಲ್ಲಿನಲ್ಲಿ ಕಾರಿನ ಗಾಜು ತಟ್ಟುವುದು ನಗರವಾಸಿಗಳ ದೂರುಗಳಲ್ಲಿ ಒಂದು. ಅದಕ್ಕೆ ಸಿಕ್ಕ ಉತ್ತರ ಇದು. ಸ್ವಂತ ಮನೆಯುಳ್ಳವರು ಆಸ್ತಿ ತೆರಿಗೆಯ ರಶೀದಿ ತೆಗೆದು ನೋಡಬಹುದು: ಇದೇ ಕಾಯ್ದೆಯಡಿ ಶೇ 3ರ ಭಿಕ್ಷುಕರ ಉಪಕರ ಅದರಲ್ಲಿ ಸೇರಿರುತ್ತದೆ.

ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆಗೆ ಸಂಸತ್ತಿನ ಕಾಯ್ದೆ 2019ರಲ್ಲಿ ಬಂದು 2020ರ ಜನವರಿ 10ರಿಂದ ಜಾರಿಯಾಯಿತು. ಗುರುತಿನ ಪ್ರಮಾಣಪತ್ರ ಕೊಡುವ ಅಧಿಕಾರ ಜಿಲ್ಲಾ ದಂಡಾಧಿಕಾರಿಯದಾಯಿತು. ರಾಜ್ಯ 2017ರಲ್ಲೇ ತನ್ನದೊಂದು ನೀತಿ ಹೊರಡಿಸಿತ್ತು. 2021ರ ಜುಲೈನಲ್ಲಿ, ಲಿಂಗತ್ವ ಅಲ್ಪಸಂಖ್ಯಾತರ ಪರ ಕೆಲಸ ಮಾಡುವ ಸಂಗಮ ಸಂಸ್ಥೆ ಹೈಕೋರ್ಟಿಗೆ ಸಲ್ಲಿಸಿದ ಅರ್ಜಿಯ ಬೆನ್ನಿಗೆ, ಸರ್ಕಾರಿ ನೇಮಕಾತಿಯ ಎಲ್ಲ ಪ್ರವರ್ಗಗಳಲ್ಲೂ ಶೇ 1ರಷ್ಟು ಸಮತಲ ಮೀಸಲಾತಿ ಕೊಟ್ಟ ಮೊದಲ ರಾಜ್ಯವಾಯಿತು. ಸುದ್ದಿಯಾಗಿ ಇದು ದೊಡ್ಡದು. 15,000 ಪದವೀಧರ ಶಿಕ್ಷಕರ ನೇಮಕಾತಿಯಲ್ಲಿ ಈ ಲೆಕ್ಕಕ್ಕೆ ಬಂದ ಹುದ್ದೆ 150, 2022ರ ಆಯ್ಕೆ ಪಟ್ಟಿಯಲ್ಲಿ ಕಂಡ ಹೆಸರು 3. ಶಾಲೆ ಬಿಡಿಸಿಕೊಂಡು, ಮನೆ ಬಿಟ್ಟು ಬಂದವರ ಕೈಯಲ್ಲಿ ಬಿ.ಇಡಿ. ಪದವಿ ಎಲ್ಲಿಂದ ಬರಬೇಕು?

ಪಟ್ಟಿಯಲ್ಲಿ ಇರುವವರು, ಇಲ್ಲದವರು

ಮತದಾರರ ಪಟ್ಟಿಯಲ್ಲಿ ‘ಇತರೆ’ ಎಂಬ ಕಾಲಂ ಬಂದದ್ದು 2009ರಲ್ಲಿ. 2011ರ ಜನಗಣತಿ ಕರ್ನಾಟಕದಲ್ಲಿ 20,266 ಮಂದಿಯನ್ನು ‘ಇತರೆ’ ಎಂದು ಎಣಿಸಿತು. 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ 5.3 ಕೋಟಿ ಮತದಾರರ ಪೈಕಿ ಈ ಕಾಲಂನಲ್ಲಿದ್ದವರು 4,927. ಗಣತಿಯ ಲೆಕ್ಕದಲ್ಲಿ ಮಕ್ಕಳೂ ಸೇರಿದ್ದರು ಎಂದು ಕಳೆದರೂ ಅಂತರ ತುಂಬುವುದಿಲ್ಲ. ಒಂದು ಕ್ಷೇತ್ರಕ್ಕೆ ಸರಾಸರಿ 22 ಮತ. ಇಪ್ಪತ್ತೆರಡು ಮತಕ್ಕೆ ಯಾವ ಅಭ್ಯರ್ಥಿ ಬಂದು ಬಾಗಿಲು ತಟ್ಟುತ್ತಾನೆ? ವೇದಿಕೆಯ ಮೌನಕ್ಕೆ ಇದಕ್ಕಿಂತ ಆಳದ ಕಾರಣ ಹುಡುಕಬೇಕಿಲ್ಲ.

ಹಾಗೆಂದೇ ಇವರಿಗೆ ಸಿಕ್ಕ ದೊಡ್ಡ ಸೌಲಭ್ಯಗಳು ಬೇರೊಬ್ಬರಿಗೆ ಕೊಟ್ಟ ಮಾತಿನ ಜೊತೆಗೆ ಬಂದಿವೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಭಾಷಣಗಳಲ್ಲಿ ಮಹಿಳೆಯರ ಉಚಿತ ಪ್ರಯಾಣ. ಆದೇಶ ಓದಿದರೆ ಅದರಲ್ಲಿ ಲಿಂಗತ್ವ ಅಲ್ಪಸಂಖ್ಯಾತರೂ ಇದ್ದಾರೆ. ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ ಇವರಿಗೆ ವಿಸ್ತರಿಸಿದ್ದು ಮರುವರ್ಷ, 2024ರಲ್ಲಿ. ಇವರಿಗೆಂದೇ ಇರುವ ಮಾಸಾಶನ ಮೈತ್ರಿ ಯೋಜನೆಯದು. 2013ರಲ್ಲಿ 500 ರೂಪಾಯಿಯಿಂದ ಶುರುವಾಗಿ ಮುಂದೆ 800ಕ್ಕೆ ಏರಿತು. ಹೆಂಗಸರ ಪಂಕ್ತಿಯ ತುದಿಯಲ್ಲಿ ಹಾಕಿದ ಎಲೆಗೆ ಬಡಿಸಿದ್ದು, ಇವರಿಗೆಂದೇ ಹಾಕಿದ ಎಲೆಗೆ ಬಡಿಸಿದ್ದಕ್ಕಿಂತ ಹೆಚ್ಚು.

ಸಾರವಾಡದಿಂದ ವಿಜಯಪುರಕ್ಕೆ

ಡೋಣಿ ಹರಿದರೆ ಓಣೆಲ್ಲ ಕಾಳು ಎಂಬ ಗಾದೆ ಹುಟ್ಟಿದ ಕಪ್ಪು ಮಣ್ಣಿನ ಸೀಮೆಯಲ್ಲಿದೆ ಸಾರವಾಡ. ಮಳೆಗಾಲದಲ್ಲಿ ಅದೇ ಡೋಣಿ ನದಿ ಉಕ್ಕಿ ಹೊಲಕ್ಕೆ, ದಾರಿಗೆ ನುಗ್ಗುವುದು ಇಲ್ಲಿನವರ ಹಳೆಯ ಗೋಳು. ಬೇಸಿಗೆಯಲ್ಲಿ ಗೋಳು ಉಲ್ಟಾ. ಬಬಲೇಶ್ವರ, ತಿಕೋಟಾ 2018ರಲ್ಲಿ ಹೊಸ ತಾಲ್ಲೂಕುಗಳಾದವು. ಈ ಭಾಗದ ರಾಜಕಾರಣದ ನಾಲಗೆಯ ಮೇಲೆ ಇರುವುದು ನೀರು: ತುಬಚಿ–ಬಬಲೇಶ್ವರ ಏತ ನೀರಾವರಿ, ಮುಳವಾಡ ಏತ ನೀರಾವರಿ, ಕೆರೆ ತುಂಬಿಸುವುದು. ಅದರ ನಡುವೆ ಲಿಂಗತ್ವದ ಮಾತಿಗೆ ಜಾಗ ಸಿಗುವುದು ಕಷ್ಟ, ಸಿಗದ್ದಕ್ಕೆ ಯಾರನ್ನೂ ದೂರುವಂತೆಯೂ ಇಲ್ಲ.

ಆದರೆ ಇಲ್ಲಿ ಬದುಕುವ ಜೋಗತಿಯೊಬ್ಬರಿಗೂ ನೀರು ಬೇಕು, ಅದರ ಮೇಲೆ ಕಾಗದವೂ ಬೇಕು. ಮಾಸಾಶನದ ಅರ್ಜಿ ನಾಡಕಚೇರಿಯಲ್ಲಿ. ಗುರುತಿನ ಪ್ರಮಾಣಪತ್ರದ ಅರ್ಜಿ ಆನ್‌ಲೈನಿನಲ್ಲಿ, ಸಹಿ ವಿಜಯಪುರದ ಜಿಲ್ಲಾಧಿಕಾರಿಯದು. 2020ರ ನಿಯಮಗಳು ಇದಕ್ಕೆ ವೈದ್ಯಕೀಯ ತಪಾಸಣೆ ಬೇಡ, ಪ್ರಮಾಣಪತ್ರ 30 ದಿನದೊಳಗೆ ಕೊಡಬೇಕು ಎಂದವು. ಅರ್ಜಿಗೆ ಬೇಕಾದದ್ದು ಆಧಾರ್‌ನಂಥ ಗುರುತಿನ ದಾಖಲೆ, ನೋಟರಿ ಮಾಡಿಸಿದ ಪ್ರಮಾಣ. ಮನೆಯಿಂದ ಹೊರಬಿದ್ದವರ ಆಧಾರ್ ಅನೇಕ ವೇಳೆ ತಂದೆಯ ಪೆಟ್ಟಿಗೆಯಲ್ಲಿ ಉಳಿದಿರುತ್ತದೆ. ಪಡಿತರ ಚೀಟಿಯದು ಮತ್ತೊಂದು ಗಂಟು: ಆಹಾರ ಭದ್ರತಾ ಕಾಯ್ದೆಯ ಪ್ರಕಾರ 18 ತುಂಬಿದ ಹಿರಿಯ ಮಹಿಳೆ ಮನೆಯ ಯಜಮಾನಿ. ಗುರು, ಚೇಲಾ ಸೇರಿ ಒಂದೇ ಒಲೆಯಲ್ಲಿ ಉಣ್ಣುವ ಮನೆ ನಮೂನೆಯ ‘ಕುಟುಂಬ’ಕ್ಕೆ ಹೊಂದುವುದಿಲ್ಲ. ಸಾಮಾನ್ಯರಿಗೆ ಹೆಸರಿನ ಒಂದು ಅಕ್ಷರ ತಪ್ಪಿದರೆ ಮೂರು ಸಲ ಅಲೆದಾಟ. ಹೆಸರೇ ಬೇರೆ, ಲಿಂಗವೇ ಬೇರೆ, ಫೋಟೊದ ಮುಖವೇ ಬೇರೆಯಾದವರ ಅಲೆದಾಟವನ್ನು ಅದರಿಂದ ಊಹಿಸಬಹುದು.

ಬಸ್ಸಿನ ವಿಷಯಕ್ಕೆ ಬಂದರೆ, ಸಾರವಾಡ–ವಿಜಯಪುರ ದಾರಿಯ ಬಸ್ಸುಗಳು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದವು. ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರ್ ಶೂನ್ಯ ದರದ ಟಿಕೆಟ್ ಹರಿಯುತ್ತಾರೆ. ಸೀರೆ ಉಟ್ಟು ನಿಂತವರ ಆಧಾರ್‌ನಲ್ಲಿ ‘ಪುರುಷ’ ಎಂದಿದ್ದರೆ ಮಾತು ಬೆಳೆಯುತ್ತದೆ, ಇಡೀ ಬಸ್ಸು ಕತ್ತು ತಿರುಗಿಸುತ್ತದೆ. ಮಾತು ಬೇಡವೆಂದು ಕಾಸು ಕೊಟ್ಟು ಟಿಕೆಟ್ ಪಡೆದರೆ ಯೋಜನೆಯ ಅಂಕಿಅಂಶದಲ್ಲಿ ಆ ಪ್ರಯಾಣ ಬೇರೆ ಕಾಲಂಗೆ ಹೋಗುತ್ತದೆ.

ಕಾಗದದ ಈ ಗೊಂದಲ 2024ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಸ್ಪಷ್ಟ ಪ್ರಶ್ನೆಯಾಗಿ ನಿಂತಿತು. ಮಂಗಳೂರಿನಲ್ಲಿ, ಉಳಿದ ದಾಖಲೆಗಳಲ್ಲಿ ಹೆಸರು, ಲಿಂಗ ಬದಲಾಯಿಸಿಕೊಂಡಿದ್ದ ಅರ್ಜಿದಾರರಿಗೆ ಜನನ ಪ್ರಮಾಣಪತ್ರ ಬದಲಾಯಿಸಿಕೊಡಲು ನೋಂದಣಾಧಿಕಾರಿ ಒಪ್ಪಿರಲಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ತಪ್ಪು ತಿದ್ದಲು ಅವಕಾಶವಿದೆ, ಇದು ತಪ್ಪಲ್ಲ ಎಂಬುದು ಅವರ ತರ್ಕ. ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು, ಕಾಯ್ದೆಗೆ ತಿದ್ದುಪಡಿ ಬರುವವರೆಗೆ ಜಿಲ್ಲಾ ದಂಡಾಧಿಕಾರಿ ಕೊಟ್ಟ ಪ್ರಮಾಣಪತ್ರವನ್ನು ನೋಂದಣಾಧಿಕಾರಿಗಳು ಒಪ್ಪಿ ಹೊಸ ಜನನ ಪ್ರಮಾಣಪತ್ರ ಕೊಡಬೇಕೆಂದು ಆದೇಶಿಸಿದರು. ಅದರಲ್ಲಿ ಹುಟ್ಟಿದಾಗಿನ ಹೆಸರು, ಲಿಂಗ ಮತ್ತು ಈಗಿನ ಹೆಸರು, ಲಿಂಗ ಎರಡೂ ಇರುತ್ತವೆ.